ಜಿಎಚ್: ಸಿಗಡಿ ಟ್ಯಾಂಕಿನಲ್ಲಿ ಟಿಡಿಎಸ್ ಪೆನ್ ಹೇಳದ ಲೆಕ್ಕ

ಗಿಡ ನೆಟ್ಟ ಅಕ್ವೇರಿಯಂನಲ್ಲಿ ಚೆರ್ರಿ ಸಿಗಡಿ ಸಾಕುವವರನ್ನು ನೀರು ಹೇಗಿದೆ ಅಂತ ಕೇಳಿ ನೋಡಿ. ಹತ್ತರಲ್ಲಿ ಎಂಟು ಜನ ಟಿಡಿಎಸ್ ಹೇಳುತ್ತಾರೆ, ಅಂದರೆ ನೀರಿನಲ್ಲಿ ಕರಗಿರುವುದೆಲ್ಲದರ ಒಟ್ಟು ಅಂದಾಜು. 'ನಮ್ದು 220, ಏನೂ ತೊಂದ್ರೆ ಇಲ್ಲ.' ಪೆನ್ನಿನಂಥ ಮೀಟರನ್ನು ನೀರಿಗೆ ಅದ್ದಿದರೆ ಸಾಕು, ಸಂಖ್ಯೆ ಬರುತ್ತದೆ. ಅಗ್ಗ, ಸುಲಭ. ಆದರೆ ಸಿಗಡಿಗಳು ಪೊರೆ ಬಿಡುವಾಗ ಒಂದೊಂದಾಗಿ ಸಾಯುತ್ತಿದ್ದರೆ ಆ 220ರಿಂದ ಏನೂ ಗೊತ್ತಾಗುವುದಿಲ್ಲ. ಆಗ ನೋಡಬೇಕಾದ್ದು ಜಿಎಚ್.

ಜಿಎಚ್ ಅಂದರೆ ನೀರಿನ ಒಟ್ಟು ಗಡಸುತನ. ಬಿಡಿಸಿ ಹೇಳಿದರೆ, ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ ಎರಡೂ ಸೇರಿ ಎಷ್ಟಿವೆ ಅನ್ನುವ ಲೆಕ್ಕ. ಸೋಡಿಯಂ, ಪೊಟ್ಯಾಷಿಯಂ, ನೈಟ್ರೇಟ್ ಎಷ್ಟೇ ಇದ್ದರೂ ಇದಕ್ಕೆ ಸೇರುವುದಿಲ್ಲ. ಹೆಸರು ಹೊಸದು ಅನಿಸಬಹುದು, ವಿಷಯ ಹಳೆಯದು. 'ಈ ಬೋರ್ ನೀರಲ್ಲಿ ಬೇಳೆ ಬೇಯಲ್ಲ', 'ಸೋಪು ನೊರೆನೇ ಬರಲ್ಲ' ಅಂತ ಮನೆಯಲ್ಲಿ ಗೊಣಗುತ್ತಾರಲ್ಲ, ಅದೆಲ್ಲ ಜಿಎಚ್ ಜಾಸ್ತಿ ಇರುವ ನೀರಿನ ಮೇಲಿನ ದೂರು.

ಅಕ್ವೇರಿಯಂ ಲೋಕದಲ್ಲಿ ಇದನ್ನು ಡಿಗ್ರಿಯಲ್ಲಿ ಹೇಳುತ್ತಾರೆ. ಇದು ಜರ್ಮನಿಯಿಂದ ಬಂದ ಅಳತೆ. ಒಂದು ಡಿಗ್ರಿ ಅಂದರೆ ಲೀಟರಿಗೆ 17.85 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮ. ಅಪಾರ್ಟ್‌ಮೆಂಟಿನ ನೀರಿನ ಲ್ಯಾಬ್ ರಿಪೋರ್ಟಿನಲ್ಲಿ 'ಟೋಟಲ್ ಹಾರ್ಡ್‌ನೆಸ್' ಅಂತ ಒಂದು ಸಾಲು ಇರುತ್ತದೆ. ಆ ಸಂಖ್ಯೆಯನ್ನು 18ರಿಂದ ಭಾಗಿಸಿದರೆ ಜಿಎಚ್ ಸಿಕ್ಕಿತು. ಕುಡಿಯುವ ನೀರಿಗೆ ನಮ್ಮ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಾನದಂಡ ಒಪ್ಪುವ ಮಿತಿ ಲೀಟರಿಗೆ 200 ಮಿಲಿಗ್ರಾಂ, ಅಂದರೆ ಸುಮಾರು 11 ಡಿಗ್ರಿ. ಬೇರೆ ನೀರೇ ಇಲ್ಲದ ಕಡೆ 600ರವರೆಗೂ ನಡೆಯುತ್ತದೆ, ಅದು 33 ಡಿಗ್ರಿ ದಾಟುತ್ತದೆ. ಚೆರ್ರಿ ಸಿಗಡಿಗೆ ಹಿತವಾದದ್ದು 6ರಿಂದ 8. ಸ್ವಲ್ಪ ಆಚೀಚೆ ಆದರೂ ತಡೆದುಕೊಳ್ಳುತ್ತದೆ. ಆದರೆ ನಾವು ಕುಡಿಯಬಹುದಾದ ನೀರೆಲ್ಲ ಅದಕ್ಕೂ ಒಗ್ಗುತ್ತದೆ ಅಂದುಕೊಳ್ಳುವ ಹಾಗಿಲ್ಲ.

ಸಿಗಡಿಗೆ ಈ ಲೆಕ್ಕ ಯಾಕೆ ಅಷ್ಟು ಮುಖ್ಯ? ಅದರ ಮೈಮೇಲಿನ ಕವಚ ಬೆಳೆಯುವುದಿಲ್ಲ. ಒಳಗಿನ ಸಿಗಡಿ ಬೆಳೆಯುತ್ತದೆ. ಹಾಗಾಗಿ ಹಾವು ಪೊರೆ ಬಿಟ್ಟ ಹಾಗೆ ಹಳೆಯದನ್ನು ಬಿಟ್ಟು ಬರಲೇಬೇಕು. ಮರಿಗಳು ಹೆಚ್ಚುಕಮ್ಮಿ ವಾರಕ್ಕೊಮ್ಮೆ, ದೊಡ್ಡವು ಮೂರು ನಾಲ್ಕು ವಾರಕ್ಕೊಮ್ಮೆ ಪೊರೆ ಬಿಡುತ್ತವೆ. ಸಮಯ ಬಂದಾಗ ಸಿಗಡಿ ನೀರು ಹೀರಿ ಮೈ ಉಬ್ಬಿಸುತ್ತದೆ. ತಲೆಯ ಚಿಪ್ಪು ಮತ್ತು ಹೊಟ್ಟೆಯ ಭಾಗ ಕೂಡುವಲ್ಲಿ, ಬೆನ್ನಿನ ಕಡೆ ಕವಚ ಬಿರಿಯುತ್ತದೆ. ಅಲ್ಲಿಂದ ಮೈಯನ್ನು ಒಮ್ಮೆ ಚಿಮ್ಮಿ ಹೊರಗೆ ಬರುತ್ತದೆ. ಎಲ್ಲ ಸರಿಯಿದ್ದರೆ ಕೊನೆಯ ಹಂತ ಕೆಲವೇ ಕ್ಷಣದ ಕೆಲಸ. ಮೀಸೆ, ಕಾಲು, ಬಾಲದ ಸಮೇತ ಗಾಜಿನಂಥ ಖಾಲಿ ಕವಚವೊಂದು ಪಾಚಿಯ ಮೇಲೆ ಬಿದ್ದಿರುತ್ತದೆ. ಹೊಸಬರು ಅದನ್ನು ಸತ್ತ ಸಿಗಡಿ ಅಂದುಕೊಂಡು ಗಾಬರಿಯಾಗಿ ಎತ್ತಿ ಬಿಸಾಡುತ್ತಾರೆ. ಬಿಸಾಡಬೇಡಿ. ಸಿಗಡಿಗಳೇ ಅದನ್ನು ತಿಂದು ಅದರಲ್ಲಿರುವ ಕ್ಯಾಲ್ಸಿಯಂ ವಾಪಸ್ ಪಡೆಯುತ್ತವೆ.

ಹೊಸ ಕವಚ ಮೊದಮೊದಲು ಮೆತ್ತಗಿರುತ್ತದೆ. ಅದು ಗಟ್ಟಿಯಾಗಲು ಕ್ಯಾಲ್ಸಿಯಂ ಬೇಕು. ಸಿಗಡಿ ಅದನ್ನು ತಿಂಡಿಯಿಂದಲೂ ಪಡೆಯುತ್ತದೆ, ನೀರಿನಿಂದ ನೇರವಾಗಿಯೂ ಹೀರುತ್ತದೆ. ಜಿಎಚ್ ತೀರಾ ಕಡಿಮೆಯಾದರೆ ಕವಚ ಸರಿಯಾಗಿ ಕಟ್ಟುವುದಿಲ್ಲ. ತೀರಾ ಜಾಸ್ತಿಯಾದರೆ ಬಿರಿಯುವುದೇ ಕಷ್ಟವಾಗುತ್ತದೆ ಅನ್ನುವುದು ಸಾಕುವವರ ಅನುಭವ. ಎರಡೂ ಕಡೆ ಕಾಣುವ ಗುರುತು ಒಂದೇ: ತಲೆ ಮತ್ತು ಹೊಟ್ಟೆಯ ನಡುವೆ ಮೈಸುತ್ತ ಒಂದು ಬಿಳಿ ಉಂಗುರ. ಬೆನ್ನಿನಲ್ಲಷ್ಟೇ ಬಿರಿಯಬೇಕಿದ್ದ ಕವಚ ಸುತ್ತಲೂ ಬಿಟ್ಟುಕೊಂಡಿರುತ್ತದೆ. ಆಗ ಸಿಗಡಿಗೆ ಎರಡು ತುಂಡಿನಿಂದಲೂ ಮೈ ಎಳೆದುಕೊಳ್ಳಲು ಆಗುವುದಿಲ್ಲ. ಬಿಳಿ ಉಂಗುರ ಕಂಡ ಸಿಗಡಿ ಉಳಿಯುವುದು ಅಪರೂಪ. ಕೈಯಿಂದ ಬಿಡಿಸಲು ಹೋಗುವುದಂತೂ ಬೇಡವೇ ಬೇಡ.

ಇಲ್ಲೊಂದು ಮಾತು. ಎಲ್ಲ ಬಿಳಿ ಉಂಗುರಕ್ಕೂ ಜಿಎಚ್ ಕಡಿಮೆ ಇದ್ದದ್ದೇ ಕಾರಣ ಅಲ್ಲ. ಇದ್ದಕ್ಕಿದ್ದ ಹಾಗೆ ಬದಲಾದದ್ದೂ ಇರಬಹುದು. ಭಾನುವಾರ ಬಿಡುವಾಯಿತು ಅಂತ ಅರ್ಧ ಟ್ಯಾಂಕ್ ನೀರು ತೆಗೆದು ಹೊಸ ನೀರು ತುಂಬಿಸಿದರೆ, ಇನ್ನೂ ತಯಾರಾಗದ ಸಿಗಡಿಗಳೂ ಅವಸರದಲ್ಲಿ ಪೊರೆ ಬಿಡಲು ಹೊರಡುತ್ತವೆ. ಮೊಟ್ಟೆ ಹೊತ್ತ ಹೆಣ್ಣು ಹಾಗೆ ಪೊರೆ ಬಿಟ್ಟರೆ ಮೊಟ್ಟೆಗಳೂ ಆ ಕವಚದ ಜೊತೆಗೇ ಹೋಗುತ್ತವೆ. ಮೀನಿನ ಟ್ಯಾಂಕಿಗೆ ಒಳ್ಳೆಯದಾದ ದೊಡ್ಡ ನೀರು ಬದಲಾವಣೆ ಸಿಗಡಿಗೆ ಆಗಿಬರುವುದಿಲ್ಲ. ವಾರಕ್ಕೆ ನೂರಕ್ಕೆ ಹತ್ತು ಹದಿನೈದು ಭಾಗ, ಅದೂ ಜಿಎಚ್ ಹೊಂದುವ ನೀರು, ನಿಧಾನಕ್ಕೆ ಹಾಕಿದರೆ ಸಾಕು.

ಈಗ ಟಿಡಿಎಸ್ ಪೆನ್ನಿಗೆ ಬರೋಣ. ಅದು ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಅಂತ ನೋಡಿ, ಕರಗಿರುವುದೆಲ್ಲ ಸೇರಿ ಇಷ್ಟಿರಬಹುದು ಅಂತ ಅಂದಾಜು ಹೇಳುತ್ತದೆ. ಕರಗಿರುವುದು ಏನು ಅಂತ ಅದಕ್ಕೆ ಗೊತ್ತಿಲ್ಲ. ಇದರಿಂದ ಮೋಸ ಹೋಗುವವರಲ್ಲಿ ಬೆಂಗಳೂರಿನ ಅಪಾರ್ಟ್‌ಮೆಂಟಿನವರು ಜಾಸ್ತಿ. ಅಲ್ಲಿ ಬೋರ್ ನೀರಿಗೆ ಸಾಫ್ಟನರ್ ಇರುತ್ತದೆ. ಸಾಫ್ಟನರ್ ಕ್ಯಾಲ್ಸಿಯಂ, ಮೆಗ್ನೀಷಿಯಂ ಹಿಡಿದಿಟ್ಟುಕೊಂಡು ಆ ಜಾಗಕ್ಕೆ ಸೋಡಿಯಂ ಬಿಡುತ್ತದೆ. ಅದಕ್ಕೇ ಆಗಾಗ ಅದಕ್ಕೆ ಉಪ್ಪಿನ ಮೂಟೆ ಸುರಿಯುವುದು. ಹಾಗಾಗಿ ಟಿಡಿಎಸ್ ಇಳಿಯುವುದೇ ಇಲ್ಲ, ಮೊದಲು 600 ಇದ್ದದ್ದು ಆಮೇಲೂ ಹೆಚ್ಚುಕಮ್ಮಿ 600. ಆದರೆ ಜಿಎಚ್ ಸೊನ್ನೆಯ ಹತ್ತಿರ. ಪೆನ್ ನೋಡಿದವರು 'ನೀರು ತುಂಬಾ ಗಡಸು' ಅಂತ ಅದಕ್ಕೆ ಖನಿಜವನ್ನೆಲ್ಲ ಹೆಚ್ಚುಕಮ್ಮಿ ಸೋಸಿ ತೆಗೆದ ಆರ್‌ಓ ನೀರು ಬೆರೆಸುತ್ತಾರೆ. ಸಿಗಡಿಗೆ ಸಿಗಬೇಕಿದ್ದ ಚೂರುಪಾರು ಕ್ಯಾಲ್ಸಿಯಂ ಕೂಡ ಇಲ್ಲವಾಗುತ್ತದೆ. ನಲ್ಲಿ ನೀರಿನಲ್ಲಿ ಸೋಪು ಜಾರುತ್ತಾ ಉಳಿದರೆ, ಎಷ್ಟು ತೊಳೆದರೂ ಹೋಗದಿದ್ದರೆ, ಸಾಫ್ಟನರ್ ನೀರು ಅಂತ ಅನುಮಾನ ಪಡಿ.

ಕಲ್ಲುಪ್ಪಿನದೂ ಇದೇ ಕಥೆ. ಮೀನು ಮಾರುವ ಅಂಗಡಿಯಲ್ಲಿ ಏನೇ ಕೇಳಿದರೂ 'ಒಂದು ಹಿಡಿ ಕಲ್ಲುಪ್ಪು ಹಾಕಿ' ಅನ್ನುವ ಉತ್ತರ ಸಿದ್ಧವಾಗಿರುತ್ತದೆ. ಹಾಕಿದರೆ ಟಿಡಿಎಸ್ ಸರ್ರನೆ ಏರುತ್ತದೆ. ಅದು ಸೋಡಿಯಂ ಕ್ಲೋರೈಡ್. ಜಿಎಚ್ ಏರುವುದಿಲ್ಲ. ಟ್ಯಾಂಕಿನ ಗಿಡಗಳಿಗೂ ಅದು ಒಳ್ಳೆಯದಲ್ಲ.

ಜಿಎಚ್ ಅಳೆಯಲು ಹನಿ ಹಾಕುವ ಟೆಸ್ಟ್ ಕಿಟ್ ಬೇಕು. ಚಿಕ್ಕ ಗಾಜಿನ ನಳಿಕೆಗೆ 5 ಮಿಲಿ ಟ್ಯಾಂಕ್ ನೀರು. ಅದಕ್ಕೆ ಒಂದು ಹನಿ ಔಷಧಿ, ಮುಚ್ಚಿ ಕುಲುಕುವುದು. ನೀರು ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಇನ್ನೊಂದು ಹನಿ, ಮತ್ತೆ ಕುಲುಕುವುದು. ಎಣಿಸುತ್ತಾ ಹೋಗಬೇಕು. ಯಾವುದೋ ಒಂದು ಹನಿಗೆ ಕಿತ್ತಳೆ ಹೋಗಿ ಹಸಿರು ಬರುತ್ತದೆ. ಏಳನೇ ಹನಿಗೆ ಬಂತೇ? ಜಿಎಚ್ 7. ಮೊದಲ ಹನಿಗೇ ಹಸಿರಾದರೆ ಆ ನೀರಿನಲ್ಲಿ ಹೆಚ್ಚೇನೂ ಇಲ್ಲ ಅಂತಲೇ ಅರ್ಥ. ಎಪಿಐ ಕಿಟ್ಟಿನಲ್ಲಿ ಬಣ್ಣ ಹೀಗೆ. ಬೇರೆ ಕಂಪನಿಯದರಲ್ಲಿ ಬಣ್ಣ ಬೇರೆ ಇರಬಹುದು, ಕ್ರಮ ಇದೇ. ಪಟ್ಟಿ ಅದ್ದಿ ನೋಡುವ ಸ್ಟ್ರಿಪ್‌ಗಳಲ್ಲಿ 4 ಮತ್ತು 8ರ ನಡುವೆ ವ್ಯತ್ಯಾಸ ಕಾಣುವುದೇ ಕಷ್ಟ. ನನಗಂತೂ ಅವು ದುಡ್ಡು ದಂಡ ಅನಿಸುತ್ತದೆ.

ಇದೇ ಪೆಟ್ಟಿಗೆಯಲ್ಲಿ ಕೆಎಚ್ ಅನ್ನುವ ಇನ್ನೊಂದು ಬಾಟಲಿಯೂ ಇರುತ್ತದೆ. ಇದನ್ನು ಜಿಎಚ್‌ನ ತಮ್ಮ ಅಂತ ತಿಳಿಯುವವರಿದ್ದಾರೆ, ಆದರೆ ಇದು ಅಳೆಯುವುದೇ ಬೇರೆ. ಕೆಎಚ್ ಅಂದರೆ ನೀರಿನಲ್ಲಿರುವ ಕಾರ್ಬೊನೇಟ್, ಬೈಕಾರ್ಬೊನೇಟ್. ನೀರಿನ ಪಿಎಚ್ ಅಲುಗಾಡದ ಹಾಗೆ ಹಿಡಿದಿಡುವುದು ಇದರ ಕೆಲಸ. ಗೀಸರ್ ಕಾಯಿಲಿನ ಮೇಲೆ ಬಿಳಿ ಪದರ ಕಟ್ಟುವುದು ಕ್ಯಾಲ್ಸಿಯಂ ಮತ್ತು ಕೆಎಚ್ ಎರಡೂ ಇದ್ದಾಗ. ಶಾಲೆಯಲ್ಲಿ 'ತಾತ್ಕಾಲಿಕ ಗಡಸುತನ' ಅಂತ ಓದಿದ್ದು ಇದನ್ನೇ. ಫಿಲ್ಟರಿನಲ್ಲಿರುವ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೇಟ್ ಮಾಡುವಾಗ ಕೆಎಚ್ ಖರ್ಚಾಗುತ್ತದೆ. ಅಮೋನಿಯಾದಲ್ಲಿರುವ ಒಂದು ಮಿಲಿಗ್ರಾಂ ನೈಟ್ರೋಜನ್ನಿಗೆ ಸುಮಾರು 7 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿನಷ್ಟು. ಮೀನು ಜಾಸ್ತಿ, ತಿಂಡಿ ಜಾಸ್ತಿ, ನೀರು ಬದಲಾವಣೆ ಕಡಿಮೆ ಆದರೆ ಕೆಎಚ್ ಸದ್ದಿಲ್ಲದೆ ಮುಗಿದು ಪಿಎಚ್ ಕುಸಿಯುತ್ತದೆ. ಚೆರ್ರಿಗೆ ಕೆಎಚ್ 2ರಿಂದ 5 ಇದ್ದರೆ ಚೆನ್ನ. ಕ್ರಿಸ್ಟಲ್ ರೆಡ್‌ನಂಥ ಬೀ ಸಿಗಡಿಗಳಿಗೆ ಉಲ್ಟಾ. ಜಿಎಚ್ 4ರಿಂದ 6, ಕೆಎಚ್ ಸೊನ್ನೆ ಅಥವಾ 1. ಅದಕ್ಕೇ ಅವನ್ನು ಸಾಕುವವರು ಕೆಎಚ್ ಹೀರಿಕೊಳ್ಳುವ ಮಣ್ಣು ಹಾಸುತ್ತಾರೆ, ಆರ್‌ಓ ನೀರಿಗೆ ಖನಿಜದ ಪುಡಿ ಕಲಸಿ ಬಳಸುತ್ತಾರೆ. ಚೆರ್ರಿ ಮತ್ತು ಕ್ರಿಸ್ಟಲ್ ಒಂದೇ ಟ್ಯಾಂಕಿನಲ್ಲಿ ಬೇಡ.

ಜಿಎಚ್ ಇಳಿಸುವುದು ಸುಲಭ. ಬೋರ್ ನೀರು 20 ಡಿಗ್ರಿ ಇದ್ದರೆ ಅದರ ಒಂದು ಬಕೆಟ್ಟಿಗೆ ಎರಡು ಬಕೆಟ್ ಆರ್‌ಓ ಅಥವಾ ಮಳೆ ನೀರು ಸೇರಿಸಿ, 7ರ ಹತ್ತಿರ ಬರುತ್ತದೆ. ಏರಿಸಬೇಕಾದವರು ಹೆಚ್ಚಾಗಿ ಕರಾವಳಿಯವರು. ಜಂಬಿಟ್ಟಿಗೆ ನೆಲದ ಬಾವಿ ನೀರು ಮೆದು, ಕೊಂಚ ಆಮ್ಲೀಯ. ಅಲ್ಲಿ ಕಟಲ್ ಬೋನ್ (ಕಟಲ್ ಫಿಶ್ ಅನ್ನುವ ಕಡಲಜೀವಿಯ ಒಳಚಿಪ್ಪು) ತುಂಡೊಂದನ್ನು ಫಿಲ್ಟರಿನಲ್ಲಿಟ್ಟರೆ ನಿಧಾನಕ್ಕೆ ಕರಗಿ ಜಿಎಚ್, ಕೆಎಚ್ ಎರಡನ್ನೂ ಏರಿಸುತ್ತದೆ. ಗಿಳಿ, ಲವ್ ಬರ್ಡ್ಸ್ ಸಾಕುವವರ ಅಂಗಡಿಯಲ್ಲಿ ಸಿಗುತ್ತದೆ. ಆದರೆ ಪಿಎಚ್ 7.5 ದಾಟಿದ ನೀರಿನಲ್ಲಿ ಅದು ಕರಗುವುದು ಅಷ್ಟಕ್ಕಷ್ಟೇ. ಸಾಫ್ಟನರ್ ನೀರಿಗೆ ಕಟಲ್ ಬೋನ್ ಹಾಕಿ ಕಾದು ಕೂತರೆ ಪ್ರಯೋಜನವಿಲ್ಲ, ಅದರಲ್ಲಿ ಕೆಎಚ್ ಮೊದಲೇ ಜಾಸ್ತಿ ಉಳಿದಿರುತ್ತದೆ. ಸಾಫ್ಟನರ್‌ಗೆ ಹೋಗುವ ಮುಂಚಿನ ನಲ್ಲಿ ಎಲ್ಲಿದೆ ಅಂತ ಹುಡುಕುವುದೇ ಒಳ್ಳೆಯದು.

ಜಿಎಚ್ ಮಾತ್ರ ಏರಿಸಲು ಜಿಪ್ಸಮ್ ಮತ್ತು ಎಪ್ಸಮ್ ಸಾಲ್ಟ್ ಇವೆ. ನೂರು ಲೀಟರಿಗೆ 3 ಗ್ರಾಂ ಜಿಪ್ಸಮ್ ಸುಮಾರು ಒಂದು ಡಿಗ್ರಿ ಏರಿಸುತ್ತದೆ. ಎಪ್ಸಮ್ ಆದರೆ ನಾಲ್ಕೂವರೆ ಗ್ರಾಂ ಬೇಕು. ಜಿಪ್ಸಮ್ ಕ್ಯಾಲ್ಸಿಯಂ ಕೊಡುತ್ತದೆ, ಎಪ್ಸಮ್ ಮೆಗ್ನೀಷಿಯಂ. ಕವಚಕ್ಕೆ ಬೇಕಾದದ್ದು ಮುಖ್ಯವಾಗಿ ಕ್ಯಾಲ್ಸಿಯಂ. ಹಾಗಾಗಿ ಬರೀ ಎಪ್ಸಮ್ ಸುರಿದು ಜಿಎಚ್ 7 ಮಾಡಿಕೊಂಡರೆ ಕಿಟ್ ಸರಿ ಅನ್ನುತ್ತದೆ, ಸಿಗಡಿಗೆ ಸರಿಹೋಗುವುದಿಲ್ಲ. ಎರಡರ ಮೊತ್ತ ಮಾತ್ರ ತೋರಿಸುವುದು ಜಿಎಚ್‌ನ ಕೊರತೆ.

ಮೀನುಗಳು ಈ ವಿಷಯದಲ್ಲಿ ಅಷ್ಟು ಸೂಕ್ಷ್ಮ ಅಲ್ಲ, ಆದರೂ ಅವಕ್ಕೂ ಇಷ್ಟಾನಿಷ್ಟ ಇದೆ. ಗಪ್ಪಿ, ಮೋಲಿಗೆ ಗಡಸು ನೀರು. ಅಮೆಜಾನ್ ಕಡೆಯ ನಿಯಾನ್, ಕಾರ್ಡಿನಲ್ ಟೆಟ್ರಾಗಳಿಗೆ ಮೆದು ನೀರು. ಗಿಡಗಳಲ್ಲಿ ವ್ಯಾಲಿಸ್ನೇರಿಯಾ ಗಡಸು ನೀರಿನಲ್ಲೂ ಚೆನ್ನಾಗಿ ಬರುತ್ತದೆ. ಅದು ಬೈಕಾರ್ಬೊನೇಟಿನಿಂದಲೇ ಇಂಗಾಲ ತೆಗೆದುಕೊಳ್ಳಬಲ್ಲದು. ಎಲೆಯನ್ನು ಬೆರಳಲ್ಲಿ ಸವರಿದರೆ ಕೆಲವೊಮ್ಮೆ ಬಿಳಿ ಪುಡಿ ಹತ್ತುತ್ತದೆ. ಅದು ರೋಗ ಅಲ್ಲ, ಎಲೆಯ ಮೇಲೆ ಕೂತ ಕ್ಯಾಲ್ಸಿಯಂ ಕಾರ್ಬೊನೇಟ್.

ಬೇಸಿಗೆಯಲ್ಲಿ ಟ್ಯಾಂಕ್ ತಣ್ಣಗಿರಲಿ ಅಂತ ಫ್ಯಾನ್ ಹಾಕುತ್ತೇವಲ್ವಾ, ನೀರು ಬೇಗ ಇಳಿಯುತ್ತದೆ. ಆವಿಯಾಗಿ ಹೋಗುವುದು ನೀರು ಮಾತ್ರ, ಖನಿಜ ಅಲ್ಲೇ ಉಳಿಯುತ್ತದೆ. ಇಳಿದಷ್ಟನ್ನೂ ನಲ್ಲಿ ನೀರಿನಿಂದ ತುಂಬಿಸುತ್ತಾ ಹೋದರೆ ಜಿಎಚ್ ವಾರದಿಂದ ವಾರಕ್ಕೆ ಏರುತ್ತದೆ. ಆವಿಯಾದದ್ದನ್ನು ತುಂಬಲು ಆರ್‌ಓ ನೀರು, ತೆಗೆದದ್ದನ್ನು ತುಂಬಲು ಹೊಂದಿಸಿದ ನೀರು. ಸಂಪಿನಲ್ಲಿ ಕಾವೇರಿ, ಬೋರ್, ಟ್ಯಾಂಕರ್ ಎಲ್ಲ ಬೆರೆಯುವ ಮನೆಗಳಲ್ಲಿ ಹೋದ ವಾರದ ಅಳತೆ ಈ ವಾರಕ್ಕೆ ನಡೆಯುವುದಿಲ್ಲ, ಬಕೆಟ್ಟಿನ ನೀರನ್ನು ಪ್ರತಿ ಸಲ ನೋಡಿಯೇ ಹಾಕಬೇಕು. ಹೊಸ ಸಿಗಡಿ ತರುವಾಗಲೂ ಮಾರುವವರನ್ನು ಟಿಡಿಎಸ್ ಬದಲು ಜಿಎಚ್ ಕೇಳಿ. ಅವರಿಗೆ ಗೊತ್ತಿಲ್ಲದಿದ್ದರೆ ಸಿಗಡಿ ಬಂದ ಕವರಿನ ನೀರನ್ನೇ 5 ಮಿಲಿ ತೆಗೆದು ಅಳೆಯಬಹುದು. ನಿಮ್ಮ ಟ್ಯಾಂಕಿಗೂ ಅದಕ್ಕೂ ನಾಲ್ಕೈದು ಡಿಗ್ರಿ ವ್ಯತ್ಯಾಸ ಇದ್ದರೆ ಏರ್ ಟ್ಯೂಬಿಗೆ ಗಂಟು ಹಾಕಿ, ಹೊಸ ಸಿಗಡಿ ಇರುವ ಪಾತ್ರೆಗೆ ನಿಮ್ಮ ಟ್ಯಾಂಕಿನ ನೀರನ್ನು ಹನಿ ಹನಿಯಾಗಿ ಎರಡು ಮೂರು ಗಂಟೆ ಬಿಟ್ಟು, ಆಮೇಲೆ ಸಿಗಡಿಗಳನ್ನು ಟ್ಯಾಂಕಿಗೆ ಬಿಡಿ.