8 ವಾರದ ಕರೆಂಟು, 60 ದಿನದ ವೀಸಾ

ಬೇನಾಪೋಲ್ ಗಡಿ ದಾಟಿ ಕೋಲ್ಕತ್ತಕ್ಕೋ, ಅಲ್ಲಿಂದ ರೈಲು ಹಿಡಿದು ವೆಲ್ಲೂರಿಗೋ ಬರುವ ಬಾಂಗ್ಲಾದೇಶದ ಕ್ಯಾನ್ಸರ್ ರೋಗಿಗಳು ಸ್ಕ್ಯಾನ್ ಫಿಲ್ಮುಗಳ ಜೊತೆ ತರಲೇಬೇಕಾದದ್ದು ಇನ್ನೊಂದಿದೆ: ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಮೇಣದ ಬಿಲ್ಲೆ. ಗಡ್ಡೆಯಿಂದ ತೆಗೆದ ಚೂರನ್ನು ಫಾರ್ಮಲಿನ್‌ನಲ್ಲಿ ನೆನೆಸಿ, ಪ್ಯಾರಾಫಿನ್‌ನಲ್ಲಿ ಹುದುಗಿಸಿಟ್ಟ ‘ಬ್ಲಾಕ್’ ಅದು. ಫ್ರಿಜ್ಜು ಬೇಡ, ವರ್ಷಗಟ್ಟಲೆ ಕೆಡುವುದಿಲ್ಲ. ಹೊಸ ಆಸ್ಪತ್ರೆಯವರು ಹಳೇ ರಿಪೋರ್ಟನ್ನು ಸುಮ್ಮನೆ ನಂಬುವುದಿಲ್ಲ. ಬ್ಲಾಕಿನಿಂದ ಕೂದಲೆಳೆಗಿಂತ ತೆಳ್ಳನೆಯ ಪದರ ಕೊಯ್ದು, ಬಣ್ಣ ಹಾಕಿ ತಾವೇ ನೋಡುತ್ತಾರೆ. ಬ್ಲಾಕ್ ಊರಲ್ಲೇ ಉಳಿದಿದ್ದರೆ ಮತ್ತೆ ಬಯಾಪ್ಸಿ, ಮತ್ತೆ ಕಾಯುವುದು.

ಆಪರೇಷನ್ ಮಾತ್ರ ಆದರೆ ಬಂದು, ಮಾಡಿಸಿಕೊಂಡು, ಹೊಲಿಗೆ ಬಿಚ್ಚಿಸಿ ಹೋಗಬಹುದು. ನಮ್ಮ ಜನ ‘ಕರೆಂಟು ಕೊಡುವುದು’ ಎನ್ನುವ ರೇಡಿಯೋಥೆರಪಿಯದ್ದು ಬೇರೆಯೇ ಲೆಕ್ಕ. ಗರ್ಭಕೊರಳಿನ ಕ್ಯಾನ್ಸರನ್ನೇ ತೆಗೆದುಕೊಳ್ಳಿ. ದಿನಕ್ಕೆ ಸುಮಾರು 2 ಗ್ರೇ (ಮೈಗೆ ಬೀಳುವ ವಿಕಿರಣದ ಅಳತೆ) ವಿಕಿರಣ, ವಾರಕ್ಕೆ 5 ದಿನ, ಒಟ್ಟು 25 ಸಲ. ಜೊತೆಗೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧಿ, ಕೊನೆಗೆ ದೇಹದ ಒಳಗಿನಿಂದಲೇ ವಿಕಿರಣ ಕೊಡುವ ಬ್ರೇಕಿಥೆರಪಿ. ಎಲ್ಲವನ್ನೂ ಒಂದೇ ದಿನ ಕೊಟ್ಟುಬಿಟ್ಟರೆ ಪಕ್ಕದ ಮೂತ್ರಕೋಶ, ಕರುಳು ಸುಟ್ಟುಹೋಗುತ್ತವೆ. ವಿಕಿರಣ ಡಿಎನ್‌ಎ ಎಳೆಗಳನ್ನು ಮುರಿಯುತ್ತದೆ; ಆರೋಗ್ಯವಂತ ಕೋಶಗಳು ಮರುದಿನದ ಹೊತ್ತಿಗೆ ಬಹುಮಟ್ಟಿಗೆ ದುರಸ್ತಿಯಾಗುತ್ತವೆ, ಗಡ್ಡೆಯ ಕೋಶಗಳಿಗೆ ಅಷ್ಟು ಚೆನ್ನಾಗಿ ಆಗುವುದಿಲ್ಲ. ಆ ರಾತ್ರಿಗಳ ಬಿಡುವು ಚಿಕಿತ್ಸೆಯದೇ ಭಾಗ.

ಹಾಗೆಂದು ಬಿಡುವನ್ನು ಬೇಕಾದಷ್ಟು ಹಿಗ್ಗಿಸುವಂತಿಲ್ಲ. ಕೆಲವು ವಾರ ಕಳೆದ ಮೇಲೆ, ಸಾಯದೆ ಉಳಿದ ಗಡ್ಡೆಕೋಶಗಳು ಮೊದಲಿಗಿಂತ ವೇಗವಾಗಿ ಹೆಚ್ಚತೊಡಗುತ್ತವೆ. ಅದಕ್ಕೇ ಇಡೀ ಚಿಕಿತ್ಸೆ 8 ವಾರದೊಳಗೆ, ಅಂದರೆ 56 ದಿನದಲ್ಲಿ ಮುಗಿಯಬೇಕೆಂಬ ನಿಯಮ. ಹಲವು ದೇಶದವರಿಗೆ ಆನ್‌ಲೈನಿನಲ್ಲೇ ಸಿಗುವ ಭಾರತದ ಇ-ಮೆಡಿಕಲ್ ವೀಸಾದ ಅವಧಿ 60 ದಿನ. ಬ್ಲಾಕ್ ಪರೀಕ್ಷೆ, ಸ್ಕ್ಯಾನು, ಯಂತ್ರಕ್ಕಾಗಿ ಸರದಿ ಎಲ್ಲ ಸೇರಿದರೆ ಆ ನಾಲ್ಕು ದಿನ ಯಾವ ಮೂಲೆಗೆ? ಅವಧಿ ವಿಸ್ತರಣೆಗೆ ಅವಕಾಶವಿದೆ, ನಿಜ. ಆದರೆ ಚಿಕಿತ್ಸೆಯ ನಡುವೆ ವಾಂತಿ, ಸುಸ್ತಿನಲ್ಲಿರುವವರು ವೀಸಾ ಅರ್ಜಿಯ ಹಿಂದೆ ಬೀಳಬೇಕು. ಆಸ್ಪತ್ರೆಗಳ ಬಣ್ಣದ ಜಾಹೀರಾತುಗಳಲ್ಲಿ ವಿಮಾನ ನಿಲ್ದಾಣದಿಂದ ಎಷ್ಟು ಕಿಲೋಮೀಟರ್ ಅಂತ ಇರುತ್ತದೆ. ಎಷ್ಟು ವಾರ ಬಾಡಿಗೆ ಮನೆ ಹಿಡಿಯಬೇಕು ಅಂತ ಇರುವುದು ನಾನು ಕಂಡಿಲ್ಲ. ಬೆಂಗಳೂರಿನ ಬೊಮ್ಮಸಂದ್ರದಲ್ಲಿ ಬಂಗಾಳಿ ಬೋರ್ಡು ಹಾಕಿದ ಊಟದ ಹೋಟೆಲುಗಳು, ಲಾಡ್ಜುಗಳು ಎದ್ದಿರುವುದು ಹೀಗೆ ಆಸ್ಪತ್ರೆಗೆಂದು ಬಂದು ತಂಗುವವರಿಂದಲೇ.

ತಮ್ಮ ದೇಶದಲ್ಲೇ ಯಂತ್ರ ಇದ್ದರೆ ಇದೆಲ್ಲ ಯಾಕೆ ಎನ್ನುವವರು ಉಗಾಂಡಾದ ಕಥೆ ಕೇಳಬೇಕು. ಇಡೀ ದೇಶಕ್ಕಿದ್ದ ಒಂದೇ ಒಂದು ರೇಡಿಯೋಥೆರಪಿ ಯಂತ್ರ ಕಂಪಾಲಾದ ಮುಲಾಗೊ ಆಸ್ಪತ್ರೆಯಲ್ಲಿತ್ತು. 1995ರ ಆ ಕೋಬಾಲ್ಟ್ ಯಂತ್ರ 2016ರಲ್ಲಿ ಕೈಕೊಟ್ಟಿತು. ಅಂಥ ಯಂತ್ರದಲ್ಲಿ ವಿಕಿರಣ ಸೂಸುವ ಕೋಬಾಲ್ಟ್-60 ಸುಮ್ಮನಿದ್ದರೂ ಸವೆಯುತ್ತದೆ: 5.27 ವರ್ಷಕ್ಕೆ ಅದರ ಬಲ ಅರ್ಧ. ಯಂತ್ರ ನಿಂತಾಗ ನೈರೋಬಿಯ ಆಗಾ ಖಾನ್ ಆಸ್ಪತ್ರೆ 400 ರೋಗಿಗಳಿಗೆ ಉಚಿತ ಚಿಕಿತ್ಸೆ ಕೊಡಲು ಮುಂದಾಯಿತು. ಹೊಸ ಯಂತ್ರ ಕೆಲಸ ಶುರುಮಾಡಲು ಒಂದೂವರೆ ವರ್ಷಕ್ಕೂ ಹೆಚ್ಚು ಹಿಡಿಯಿತು.

ಗಡಿಯೇ ಮುಚ್ಚಿಕೊಂಡರೆ? 2024ರ ಆಗಸ್ಟ್‌ನಲ್ಲಿ ಢಾಕಾದಲ್ಲಿ ಸರ್ಕಾರ ಉರುಳಿದಾಗ ಭಾರತದ ವೀಸಾ ಕೇಂದ್ರಗಳು ಬಾಗಿಲು ಹಾಕಿದವು, ಆಮೇಲೂ ಬಹಳ ದಿನ ತುರ್ತಿನವರಿಗಷ್ಟೇ ವೀಸಾ ಸಿಗುತ್ತಿತ್ತು. 2025ರ ಮಾರ್ಚ್‌ನಲ್ಲಿ ಬಾಂಗ್ಲಾದೇಶದ ರೋಗಿಗಳ ಒಂದು ತಂಡ ಚಿಕಿತ್ಸೆಗೆಂದು ಚೀನಾದ ಕುನ್ಮಿಂಗ್‌ಗೆ ಹೋಯಿತು. ಆದರೆ ಅರ್ಧ ಕರೆಂಟು ತೆಗೆದುಕೊಂಡವರು ದೇಶ ಬದಲಿಸುವುದು ಸುಲಭವಲ್ಲ. ಬೆನ್ನುಹುರಿ, ಕರುಳು ಒಮ್ಮೆ ತಿಂದ ವಿಕಿರಣ ಲೆಕ್ಕದಿಂದ ಅಳಿಯುವುದಿಲ್ಲ. ಹೊಸ ವೈದ್ಯರಿಗೆ ಎಷ್ಟು ಗ್ರೇ ಕೊಟ್ಟರು ಎಂಬ ಡಿಸ್ಚಾರ್ಜ್ ಚೀಟಿಯ ಒಂದು ಸಾಲು ಸಾಲದು. ಯಾವ ಅಂಗಕ್ಕೆ ಎಷ್ಟು ಬಿತ್ತು ಎಂಬ ಪೂರ್ತಿ ನಕ್ಷೆ ಬೇಕು. ಅದು ಆಸ್ಪತ್ರೆಯ ಕಂಪ್ಯೂಟರಿನಲ್ಲಿರುತ್ತದೆ. ಸಿ.ಡಿ.ಗೆ ಹಾಕಿಕೊಡಿ ಎಂದು ಮೊದಲ ವಾರದಲ್ಲೇ ಕೇಳಿಡುವುದು ಒಳ್ಳೆಯದು.