ಪಾಠ ಮುಗಿದ ಮೇಲೆ ಒಬ್ಬರೇ ಯೋಚಿಸಿದರೆ ಸಾಲದೆ?

ಪ್ರಶ್ನೆ: ಪ್ರತಿದಿನ ತರಗತಿ ಮುಗಿದ ಮೇಲೆ ಯಾವುದು ಚೆನ್ನಾಗಿ ನಡೆಯಿತು, ಯಾವುದು ಇಲ್ಲ ಎಂದು ಬರೆದಿಡುತ್ತೇನೆ. ಎರಡು ವರ್ಷವಾದರೂ ನನ್ನ ಬೋಧನೆ ಇದ್ದಲ್ಲೇ ಇದೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ನೀವು ಬರೆಯುತ್ತಿರುವುದು ಬಹುಶಃ ಬರೀ ತೀರ್ಪು. ‘ಇವತ್ತು ಮಕ್ಕಳು ಗಮನ ಕೊಡಲಿಲ್ಲ’ ಎಂದು ಬರೆದರೆ ನಾಳೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ‘ಛೇದ ಸಮ ಮಾಡುವುದನ್ನು ಹೇಳಿಕೊಟ್ಟ ಮೇಲೂ ಕೆಲವರು 1/2 + 1/3 = 2/5 ಎಂದೇ ಬರೆದರು’ ಎಂದು ಬರೆದು ನೋಡಿ. ಆ ಮಕ್ಕಳಿಗೆ ಭಿನ್ನರಾಶಿ ಇನ್ನೂ ಒಂದು ಸಂಖ್ಯೆಯಾಗಿಲ್ಲ, ಮೇಲೊಂದು ಕೆಳಗೊಂದು ಕೂತ ಎರಡು ಸಂಖ್ಯೆಗಳಾಗಿಯೇ ಉಳಿದಿದೆ ಎಂಬುದು ಹೊಳೆಯುತ್ತದೆ.

ಹಾಗೆ ಬರೆದರೂ ನಮಗೆ ಕಾಣದ್ದು ಪುಸ್ತಕಕ್ಕೆ ಬರುವುದಿಲ್ಲ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ವಿಜ್ಞಾನ ತರಗತಿಗಳ ಧ್ವನಿಮುದ್ರಣ ಕೇಳಿ ಅಳೆದರು. ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕೆ ಕಾಯುತ್ತಿದ್ದದ್ದು ಸರಾಸರಿ ಸುಮಾರು 1 ಸೆಕೆಂಡು! 3 ಸೆಕೆಂಡು ಕಾದಾಗ ಉತ್ತರಗಳು ಉದ್ದವಾದವು, ಉತ್ತರವೇ ಬಾರದೆ ಹೋಗುವುದು ಕಡಿಮೆಯಾಯಿತು. ‘ನಾನು ಕಾಯುವುದಿಲ್ಲ’ ಎಂದು ಯಾವ ಶಿಕ್ಷಕರು ತಾನೇ ದಿನಚರಿಯಲ್ಲಿ ಬರೆದುಕೊಂಡಾರು?

ಸಹೋದ್ಯೋಗಿಗಳು ಬೇಕಾಗುವುದು ಇಲ್ಲೇ. ಜಪಾನಿನಲ್ಲಿ ‘ಜುಗ್ಯೋ ಕೆನ್‌ಕ್ಯೂ’, ಅಂದರೆ ಪಾಠ ಅಧ್ಯಯನ, 19ನೇ ಶತಮಾನದ ಕೊನೆಯಿಂದ ಬೆಳೆದುಬಂದ ಪದ್ಧತಿ. ಕೆಲವು ಶಿಕ್ಷಕರು ಸೇರಿ ಒಂದೇ ಒಂದು ಪಾಠವನ್ನು ಯೋಜಿಸುತ್ತಾರೆ: ಯಾವ ಪ್ರಶ್ನೆ ಮೊದಲು, ಮಕ್ಕಳಿಂದ ಯಾವ ತಪ್ಪು ಉತ್ತರ ಬರಬಹುದು, ಬಂದರೆ ಏನು ಮಾಡುವುದು, ಎಲ್ಲವನ್ನೂ. ಒಬ್ಬರು ಪಾಠ ಮಾಡುತ್ತಾರೆ, ಉಳಿದವರು ನೋಡುವುದು ಮಕ್ಕಳನ್ನು. ಆಮೇಲೆ ಕೂತು ಮಾತಾಡುತ್ತಾರೆ. ಕೆಲವೊಮ್ಮೆ ಅದೇ ಪಾಠವನ್ನು ತಿದ್ದಿ ಇನ್ನೊಂದು ತರಗತಿಯಲ್ಲಿ ಮಾಡುವುದೂ ಉಂಟು. ಯೋಜನೆ ಎಲ್ಲರದ್ದಾದ್ದರಿಂದ ಎಡವಿದರೂ ಹೊಣೆ ಒಬ್ಬರ ತಲೆಗೆ ಬರುವುದಿಲ್ಲ. ನನ್ನ ಲೆಕ್ಕದಲ್ಲಿ ಈ ಪದ್ಧತಿಯ ಜೀವಾಳ ಅದೇ.

ಚರ್ಚೆಯಲ್ಲಿ ಪಾಠ ಮಾಡಿದವರೇ ಮೊದಲು ಮಾತಾಡಲಿ. ನೋಡಿದವರು ‘ಚೆನ್ನಾಗಿತ್ತು’ ಎಂದರೆ ಯಾರಿಗೂ ಏನೂ ಸಿಗುವುದಿಲ್ಲ. ‘ಮೂರನೇ ಸಾಲಿನ ಹುಡುಗಿ ಎರಡು ಸಲ ಬರೆದು ಅಳಿಸಿದಳು’ ಎಂದರೆ ಮಾತು ಬೆಳೆಯುತ್ತದೆ. ಇದಕ್ಕೆ ಅಂಕ ಕೊಡುವ ನಮೂನೆ ತಂದರೆ ಮುಗಿಯಿತು, ಎಲ್ಲರೂ ಪ್ರದರ್ಶನದ ಪಾಠ ಮಾಡತೊಡಗುತ್ತಾರೆ.

ಜೊತೆಗೆ ಯಾರೂ ಸಿಗದಿದ್ದರೆ, ಶಾಲೆಯ ಒಪ್ಪಿಗೆ ಪಡೆದು ಹತ್ತು ನಿಮಿಷದ ಪಾಠವನ್ನು ಫೋನಿನಲ್ಲಿ ಮುದ್ರಿಸಿಕೊಳ್ಳಿ. ಪ್ರತಿ ಪ್ರಶ್ನೆಯ ನಂತರ ಎಷ್ಟು ಸೆಕೆಂಡು ಕಾದಿರಿ, ಅದನ್ನಷ್ಟೇ ಎಣಿಸಿ. ಮಕ್ಕಳ ದನಿ ಇರುತ್ತದಲ್ಲ, ಕೇಳಿದ ಮೇಲೆ ಅಳಿಸಿಬಿಡಿ.