ಅಳತೆ ಕೊಟ್ಟ ಬಾಕ್ಸ್ ಬೇರೆ, ಕಾಣುವ ಬಾಕ್ಸ್ ಬೇರೆ

"ಸರ್, ವಿಜೆಟ್‌ನಲ್ಲಿ ರೋಸ್ 40 ಅಂತ ಕೊಟ್ಟಿದೀನಿ. ಎಡಿಟರ್ ದೊಡ್ಡದಾಗ್ತಾನೇ ಇಲ್ಲ."

ಪೈಥಾನ್‌ನಲ್ಲಿ ವೆಬ್‌ಸೈಟ್ ಕಟ್ಟುವ ಜಾಂಗೋ ಕಲಿತು ಕೆಲಸಕ್ಕೆ ಬರುವ ಮಕ್ಕಳು ತರುವ ದೂರು ಇದು. ವಿಜೆಟ್ ಅಂದರೆ ಫಾರ್ಮಿನ ಬಾಕ್ಸ್ ಹೇಗಿರಬೇಕೆಂದು ಹೇಳುವ ಕೋಡ್, ರೋಸ್ ಅಂದರೆ ಅದರಲ್ಲಿ ಕಾಣಬೇಕಾದ ಸಾಲುಗಳ ಸಂಖ್ಯೆ. ಆಮೇಲೆ ಪುಟದ ಅಂದ ನೋಡಿಕೊಳ್ಳುವ ಸಿಎಸ್‌ಎಸ್ ತಿದ್ದುತ್ತಾರೆ, ಬೇರೆ ನಿಯಮಗಳನ್ನು ಮೀರಿಸುವ ಇಂಪಾರ್ಟೆಂಟ್ ಸೇರಿಸುತ್ತಾರೆ. ಸುಮ್ನೆ ಅರ್ಧ ದಿನ ಹೋಗುತ್ತದೆ.

ದಯವಿಟ್ಟು ಒಮ್ಮೆ ಬ್ರೌಸರಿನ ಇನ್‌ಸ್ಪೆಕ್ಟ್ ತೆರೆದು ಪುಟದ ಕೋಡ್ ನೋಡಿ. ಜಾಂಗೋ ಪುಟಕ್ಕೆ ಬರೆದದ್ದು ಒಂದು ಟೆಕ್ಸ್ಟ್‌ಏರಿಯಾ, ಅಂದರೆ ಟೈಪ್ ಮಾಡುವ ಸಾದಾ ಬಾಕ್ಸ್. ಪುಟ ತೆರೆದ ಕೂಡಲೇ ಸಿಕೆಎಡಿಟರ್ 4 ಎಂಬ ಎಡಿಟರ್ ಅದನ್ನು ಮರೆಮಾಡಿ, ಪಕ್ಕದಲ್ಲೇ ತನ್ನದೊಂದು ಬಾಕ್ಸ್ ಕಟ್ಟುತ್ತದೆ. ನೀವು ಟೈಪ್ ಮಾಡುವುದು ಆ ಬಾಕ್ಸಿನೊಳಗಿನ ಐಫ್ರೇಮ್‌ನಲ್ಲಿ, ಅಂದರೆ ಪುಟದೊಳಗಿನ ಇನ್ನೊಂದು ಪುಟದಲ್ಲಿ. ಸಬ್ಮಿಟ್ ಒತ್ತಿದಾಗ ಅಲ್ಲಿನ ಬರಹ ಟೆಕ್ಸ್ಟ್‌ಏರಿಯಾಕ್ಕೆ ಬರುತ್ತದೆ. ಅಂದರೆ ನಿಮ್ಮ ರೋಸ್ 40 ಕೆಲಸ ಮಾಡಿದೆ, ಆದರೆ ಕಣ್ಣಿಗೆ ಕಾಣದ ಬಾಕ್ಸಿನ ಮೇಲೆ. ಕಾಣುವ ಬಾಕ್ಸಿನ ಅಳತೆಯನ್ನು ಎಡಿಟರ್‌ಗೇ ಹೇಳಬೇಕು: ಸೆಟ್ಟಿಂಗ್ಸ್ ಫೈಲಿನ ಸಿಕೆಎಡಿಟರ್ ಕಾನ್ಫಿಗ್ಸ್ ಎಂಬ ಭಾಗದಲ್ಲಿ ಹೈಟ್ (ಎತ್ತರ), ವಿಡ್ತ್ (ಅಗಲ). ಚಿಕ್ಕ ಸಾರಾಂಶದ ಫೀಲ್ಡಿಗೆ ಬೇರೆ ಅಳತೆ ಬೇಕಾದರೆ ಇನ್ನೊಂದು ಹೆಸರಿನ ಕಾನ್ಫಿಗ್ ಬರೆದು ಆ ಫೀಲ್ಡಿಗೆ ಕೊಡಿ.

ಏನೂ ಹೇಳದಿದ್ದರೆ, ಎಡಿಟರನ್ನು ಜಾಂಗೋಗೆ ಜೋಡಿಸುವ ಜಾಂಗೋ ಸಿಕೆಎಡಿಟರ್ ಪ್ಯಾಕೇಜ್ ತಾನೇ 835 ಪಿಕ್ಸೆಲ್ ಅಗಲ, 291 ಎತ್ತರ ಇಟ್ಟುಕೊಳ್ಳುತ್ತದೆ. ಒಂದು ತಾಲ್ಲೂಕು ಸುದ್ದಿ ತಾಣಕ್ಕೆ ಕೆಲಸ ಮಾಡಿದ್ದೆ. ಅಲ್ಲಿನ ವರದಿಗಾರ್ತಿ ಬಸ್ ಸ್ಟ್ಯಾಂಡಿನಲ್ಲಿ ಕೂತು ಫೋನಿನಲ್ಲೇ ಸುದ್ದಿ ಹಾಕುವವರು. ಬಾಕ್ಸಿನ ಬಲಭಾಗವೆಲ್ಲ ಪರದೆಯಾಚೆ. ಪ್ರತಿ ಸಾಲಿಗೂ ಎಳೆದು ಎಳೆದು ಓದುತ್ತಿದ್ದರು. ತಪ್ಪು ಫೋನಿನದ್ದು ಎಂದುಕೊಂಡು ಹೊಸ ಫೋನಿಗೆ ದುಡ್ಡು ಕೂಡಿಡುತ್ತಿದ್ದರು! ವಿಡ್ತ್ ನೂರು ಪರ್ಸೆಂಟ್ ಮಾಡಿದೆ, ಸರಿಹೋಯಿತು. ಆ ದಿನದಿಂದ ಫೋನ್ ಹಿಡಿದು ನೋಡದೆ ನಾನು ಯಾವ ಫಾರ್ಮನ್ನೂ ಒಪ್ಪಿಸಿಲ್ಲ.

ಎತ್ತರಕ್ಕೆ ಮಾತ್ರ ಪರ್ಸೆಂಟ್ ನಡೆಯುವುದಿಲ್ಲ, ಪಿಕ್ಸೆಲ್ಲೇ ಕೊಡಿ. ಸಿಕೆಎಡಿಟರ್ 4ರಲ್ಲಿ 300 ಅಂದರೆ ಬರೆಯುವ ಜಾಗವಷ್ಟೇ, ಟೂಲ್‌ಬಾರ್ ಅದರ ಮೇಲೆ ಜಾಸ್ತಿ. ಟೈನಿಎಂಸಿಇ ಎಂಬ ಇನ್ನೊಂದು ಎಡಿಟರಿನಲ್ಲಿ 5ನೇ ಆವೃತ್ತಿಯಿಂದ ಈಚೆಗೆ ಟೂಲ್‌ಬಾರ್ ಕೂಡ ಆ 300ರಲ್ಲೇ ಸೇರುತ್ತದೆ. ಎಡಿಟರ್ ಬದಲಿಸಿದಾಗ ಬರೆಯುವ ಜಾಗ ಕುಗ್ಗುವುದು ಇದಕ್ಕೇ.

ಸಿಕೆಎಡಿಟರ್ 4ರ ಉಚಿತ ಆವೃತ್ತಿಗೆ 2023ರ ಜೂನ್‌ನಲ್ಲೇ ಬೆಂಬಲ ನಿಂತಿದೆ. ಹೊಸ ಕೆಲಸಕ್ಕೆ ಅದು ಬೇಡ ಅನ್ನುವುದು ನನ್ನ ಸಲಹೆ. ಸಿಕೆಎಡಿಟರ್ 5ರಲ್ಲಿ ಐಫ್ರೇಮ್ ಇಲ್ಲ, ಹಾಗಾಗಿ ಅದರ ಬರೆಯುವ ಜಾಗದ ಕ್ಲಾಸಿಗೆ ಸಿಎಸ್‌ಎಸ್‌ನಲ್ಲಿ ಮಿನ್ ಹೈಟ್ (ಕನಿಷ್ಠ ಎತ್ತರ) ಕೊಟ್ಟರೆ ಸಾಕು. ಆದರೂ ನಿಮ್ಮಲ್ಲಿರುವ ಆವೃತ್ತಿ ಯಾವುದೆಂದು ಮೊದಲು ನೋಡಿಕೊಳ್ಳಿ.

ಇನ್ನೊಂದು ಮಾತು. ಸೆಟ್ಟಿಂಗ್ಸ್ ಬದಲಿಸಿದ ಮೇಲೆ ಸರ್ವರ್‌ನಲ್ಲಿ ಜಾಂಗೋವನ್ನು ನಡೆಸುವ ಗುನಿಕಾರ್ನ್ ರೀಸ್ಟಾರ್ಟ್ ಮಾಡಿ. ಮಾಡದಿದ್ದರೆ ಹಳೆಯ ಅಳತೆಯೇ ಕಾಣುತ್ತದೆ. ಆಗ ಮತ್ತೆ ರೋಸ್ ತಿದ್ದಲು ಹೋಗಬೇಡಿ.